ಅಕ್ಕ ಹೊಲಿದ ದೋಣಿ

ನನ್ನ ಅಕ್ಕ ಹೊನ್ನಾವರದಲ್ಲಿ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ಶರಾವತಿಯಲ್ಲಿ ಹಾಯಿ ಬಿಟ್ಟು ಹೋಗುವ ಪುಟ್ಟ ದೋಣಿಯೊಂದನ್ನು ಕಟ್ಟಬೇಕೆಂಬ ಹುಚ್ಚು ಮಾತ್ರ ನನ್ನದು. ಕುಮಟಾದ ನನ್ನ ಬಾಡಿಗೆ ಮನೆಯಲ್ಲಿ ಜಾಗವಿಲ್ಲದೆ, ಮರೈನ್ ಪ್ಲೈವುಡ್ ತಂದು ಅವಳ ಜಗಲಿಗೆ ಒರಗಿಸಿದೆ.

ಈ ಬಗೆಯ ದೋಣಿಗೆ ತೆಳು ಹಲಗೆಗಳನ್ನು ಕತ್ತರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯಬೇಕು. ಆಮೇಲೆ ಸಂದುಗಳಿಗೆ ಅಂಟು ತುಂಬಬೇಕು. ನಾನು ಹೀಗೆ ವಿವರಿಸುತ್ತಿದ್ದಾಗ ಅಕ್ಕ ಮಷಿನ್ ನಿಲ್ಲಿಸಿ ಎದ್ದು ಬಂದಳು. ಅವಳೇ ಮೊದಲು ರಟ್ಟಿನಲ್ಲಿ ಅಂಗೈಯಷ್ಟು ದೋಣಿ ಮಾಡಿ ನೋಡಿದಳು. ಅಂದಿನಿಂದ ನಮ್ಮ ಭಾನುವಾರಗಳೆಲ್ಲ ಜಗಲಿಯಲ್ಲೇ ಕಳೆದವು.

ಕೊನೆಯ ತಂತಿ ಬಿಗಿದಾಗ ನನಗಂತೂ ದೋಣಿ ಚಂದವೇ ಕಂಡಿತು. ಅಕ್ಕ ಅದರ ಮೂತಿಯ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಲೇ ಇದ್ದಳು.

"ಎಂತ ಆತು?" ಅಂದೆ.

"ಸೊಟ್ಟ ಬಂತು ತಮಾ. ಬಿಚ್ಚುವ."

"ನೀರಲ್ಲಿ ಯಾರಿಗೆ ಕಾಣ್ತದೆ?"

"ಕಾಣೂದಲ್ಲ. ಒಂದೇ ಬದಿಗೆ ಎಳೀತದೆ."

ನನಗೆ ಅಳುವೇ ಬಂದಿತ್ತು. ಅವಳು ಇಕ್ಕಳ ತೆಗೆದುಕೊಂಡು ಒಂದೊಂದೇ ತಂತಿ ಕತ್ತರಿಸಿದಳು, ಮುಖದಲ್ಲಿ ಚೂರೂ ಬೇಸರವಿಲ್ಲ. ಎರಡನೆಯ ಸಲ ಹೊಲಿದಾಗ ದೋಣಿ ನೆಟ್ಟಗೆ ಕೂತಿತು. ಹಾಯಿಯನ್ನೂ ನೀಲಿ ತಾಡಪಾಲಿನಲ್ಲಿ ಅವಳೇ ಹೊಲಿದಳು. ಮೂಲೆಗಳು ದಪ್ಪವಾಗಿ ಮಷಿನ್ ಒಪ್ಪದಿದ್ದಲ್ಲಿ ಕೈಸೂಜಿ ಹಿಡಿದಳು.

ಕಡಲಗಾಳಿ ಎದ್ದ ಒಂದು ಮಧ್ಯಾಹ್ನ ಭಾವ ಮತ್ತು ನಾನು ಸೇರಿ ದೋಣಿಯನ್ನು ಹೊಳೆಗೆ ಇಳಿಸಿದೆವು. ಲೈಫ್ ಜಾಕೆಟ್ ತೊಟ್ಟು ಅಕ್ಕ ಮುಂದೆ ಕೂತಳು. ಗಾಳಿ ಹಾಯಿಗೆ ಬಡಿದದ್ದೇ ತಡ, ನಾನು ಗಾಬರಿಯಾಗಿ ಅದರ ಹಗ್ಗವನ್ನು ಇನ್ನಷ್ಟು ಬಿಗಿಹಿಡಿದೆ. ದೋಣಿ ಮಗುಚಿತು. ಸೊಂಟಮಟ್ಟದ ನೀರಲ್ಲಿ ಎದ್ದು ನಿಂತ ಅಕ್ಕ ಕೆಮ್ಮುತ್ತಲೇ ನಗುತ್ತಿದ್ದಳು.

"ಸಾಕು, ಮೇಲೆ ಬಾ," ಎಂದು ಭಾವ ದಡದಿಂದ ಕರೆದರು.

"ಇನ್ನೊಂದ್ಸಲ ನೋಡುವ," ಎಂದು ಅವಳು ಹಾಯಿಯ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡಳು. ದೋಣಿಯನ್ನು ನೆಟ್ಟಗೆ ಮಾಡಿ ಮತ್ತೆ ಹತ್ತಿದಾಗ ನನಗೆ ಚುಕ್ಕಾಣಿ ಉಳಿಯಿತು.

ಈ ಸಲ ಗಾಳಿ ಜೋರಾದಾಗಲೆಲ್ಲ ಅವಳು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು. ದೋಣಿ ಒಮ್ಮೆ ವಾಲಿ, ಸಾವರಿಸಿಕೊಂಡು, ನೀರನ್ನು ಸೀಳಿಕೊಂಡು ಹೊರಟಿತು. ಎಂಜಿನ್ ಇಲ್ಲ, ಹುಟ್ಟು ಹಾಕುವವರಿಲ್ಲ. ಅವಳ ಒದ್ದೆ ಬೆನ್ನನ್ನೇ ನೋಡುತ್ತ ನಾನು ಚುಕ್ಕಾಣಿ ಹಿಡಿದಿದ್ದೆ. ತಿರುಗೋಣವೇ ಎಂದು ಕೇಳಿದರೆ, ಆಚೆ ದಡ ಮುಟ್ಟಿಯೇ ತಿರುಗುವ ಎಂದಳು.

ಆಚೆ ದಡದ ಕಾಸರಕೋಡಿನಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದು ದೋಣಿಯ ಅಂಚು ಸವರಿದಳು. "ಎಲ್ಲಿಂದ ತಂದ್ರಿ?"

ದುಪಟ್ಟಾ ಹಿಂಡುತ್ತಿದ್ದ ಅಕ್ಕ ತಲೆಯೆತ್ತಿದಳು. "ಮನೇಲೇ ಹೊಲಿದದ್ದು," ಅಂದಳು.