ಇಲಿಯ ಮಿದುಳಿಗೆ ಸಿಕ್ಕ ಮದ್ದು

ಲಕಮನಹಳ್ಳಿಯ ಪ್ರಯೋಗಾಲಯವೊಂದರಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಸುವುದು ನನ್ನ ಕೆಲಸ. ಆ ಪಾಚಿಯ ಸಾರ ಹಾಕಿದರೆ, ಗಾಜಿನ ತಟ್ಟೆಯಲ್ಲಿಟ್ಟ ಇಲಿಯ ಮಿದುಳಿನ ಜೀವಕೋಶಗಳು ವಿಷ ಸೋಕಿದರೂ ಬೇಗ ಸಾಯುವುದಿಲ್ಲ. ಪೇಪರಿನವರು ಇಷ್ಟನ್ನೇ ‘ಮರೆವಿನ ರೋಗಕ್ಕೆ ಮದ್ದು’ ಎಂದು ಬರೆದರು. ನಮ್ಮ ಸಾಹೇಬರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು.

ಮರುದಿನ ಉಣಕಲ್ಲಿನಿಂದ ಒಬ್ಬ ಅಜ್ಜಿ ಗಂಡನ ಕೈ ಹಿಡಿದುಕೊಂಡು ಬಂದರು.

“ಆ ಔಷಧ ಸ್ವಲ್ಪ ಕೊಡ್ರಿ.”

“ಮನುಷ್ಯಾರಿಗೆ ಇನ್ನೂ ಕೊಡೂಹಂಗಿಲ್ರಿ ಅಮ್ಮಾರ. ಇಲಿ ಜೀವಕೋಶದಾಗ ಅಷ್ಟ ನೋಡೇವಿ.”

“ಹಂಗಾರ ಇಲಿ ಶ್ಯಾಣ್ಯಾ ಆತು ಅನ್ರಿ.”

ಅಷ್ಟರಲ್ಲಿ ಅಜ್ಜ ಹೆಂಡತಿಯ ಸೆರಗು ಜಗ್ಗಿ, “ಯವ್ವಾ, ನನ್ನ ಹೆಸರೇನ?” ಎಂದರು.

ಅಜ್ಜಿ ನನ್ನ ಮುಖ ನೋಡಿದರು. “ಗಂಡನ ಹೆಸರು ಹೆಂಗ ಹೇಳ್ಲಿರಿ? ಲಗ್ನದಾಗ ಒಡಪು ಕಟ್ಟಿ ಹಾಡಿನ್ಯಾಗ ಹೇಳಿದ್ದ ಕಡೀಕ.”

“ಹೇಳಿಬಿಡ್ರಿ,” ಎಂದೆ. ಕೊಡಲಿಕ್ಕೆ ನನ್ನ ಹತ್ತಿರ ಅದೊಂದೇ ಮಾತಿತ್ತು.

ಅಜ್ಜಿ ತಲೆ ತಗ್ಗಿಸಿ, ಮೆಲ್ಲಗೆ, “ಗುರುಲಿಂಗಪ್ಪ” ಎಂದರು.

ಅಜ್ಜ ಸೆರಗು ಬಿಡದೆ ಕೇಳಿದರು: “ಅಂವಾ ಯಾರು?”

ನಮ್ಮ ತಟ್ಟೆಯ ಜೀವಕೋಶಗಳು ಮಾತ್ರ ಛಲೋ ಇವೆ. ನೆನಪಿಡಬೇಕಾದ್ದು ಅವಕ್ಕೇನೂ ಇಲ್ಲವಲ್ಲ.