ಸಹಿಯ ಮೇಲೆ ಎರಡು ಸಾಲು

ನಮ್ಮ ಟೈಪಿಂಗ್ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿ. ಕಾರ್ಬನ್ ಹಾಳೆಯ ನೀಲಿ ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಅಂಗೈಯ ಮದರಂಗಿ ತೋರಿಸಿದರೆ ಅವರು ಆ ಉಗುರು ಎತ್ತಿ ಹಿಡಿದು, "ನಂದು ವರ್ಷಪೂರ್ತಿ ಇರ್ತೈತೆ ನೋಡ್ರಿ" ಅನ್ನುತ್ತಿದ್ದರು.

ಚನ್ನಗಿರಿಯ ಪೇಟೆಯಲ್ಲಿ ಒಂದು ಅಡಿಕೆ ಗೋದಾಮಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ. ಮೂರು ಮಷೀನು, ಎರಡು ಬೆಂಚು. ಬೆಳಗ್ಗೆ ಪಾಠ, ಮಧ್ಯಾಹ್ನ ಊರವರ ಅರ್ಜಿ, ಕರಾರುಪತ್ರ. ಹಾಳೆ ಏರಿಸುವ ಮೊದಲು ಕೆಳಗಿನ ಅಂಚಿನಿಂದ ನಾಲ್ಕು ಬೆರಳು ಮೇಲೆ ಪೆನ್ಸಿಲ್ಲಿನ ಒಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಕಂಡಿತೆಂದರೆ ಪುಟ ಮುಗಿಯುತ್ತಾ ಬಂತು ಎಂದರ್ಥ. ಎಲ್ಲಿ ನಿಲ್ಲಿಸಬೇಕು, ಏನನ್ನು ಮುಂದಿನ ಪುಟಕ್ಕೆ ಒಯ್ಯಬೇಕು ಎಂದು ಆಗ ತೀರ್ಮಾನಿಸುವರು. ಸಹಿ ಮಾತ್ರ ಒಂಟಿಯಾಗಿ ಹೊಸ ಹಾಳೆಗೆ ಹೋಗಕೂಡದು. ಅದರ ಮೇಲೆ ಕರಾರಿನ ಎರಡು ಸಾಲಾದರೂ ಇರಲೇಬೇಕು. ಖಾಲಿ ಪುಟ ಉಳಿದರೆ ಮೂಲೆಯಿಂದ ಮೂಲೆಗೆ ಗೀಟು. ಇದಕ್ಕಾಗಿ ಹರಿದು ಮತ್ತೆ ಹೊಡೆದ ಹಾಳೆಗಳು ಎಷ್ಟೋ. ಯಾರಾದರೂ ಗೊಣಗಿದರೆ, "ಹಾಳೆ ಹೋದ್ರೆ ಅಂಗಡ್ಯಾಗೆ ಸಿಗ್ತೈತೆ" ಅನ್ನುವರು, ಅಷ್ಟೇ.

ನಾನು ಅವರನ್ನು ಮೊದಲು ನೋಡಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ನನ್ನ ಯಜಮಾನರು ತೀರಿಕೊಂಡು ಐದು ತಿಂಗಳಾಗಿದ್ದಾಗ. ಬಸವಾಪಟ್ಟಣದಲ್ಲಿ ಅವರ ಪಾಲಿಗೆ ಬಂದಿದ್ದ ಮನೆಯಲ್ಲಿ ಒಬ್ಬಳೇ ಇದ್ದೆ. ಯಜಮಾನರ ಅಣ್ಣ, ನಮ್ಮ ಭಾವ, ಒಂದು ಕರಾರು ಮಾಡಿಸಬೇಕೆಂದು ಚನ್ನಗಿರಿಗೆ ಕರೆತಂದರು. ಮನೆ ನನ್ನದೇ, ಯಾರೂ ತಕರಾರು ಎತ್ತುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಮೇಡಂ ಎರಡು ಪುಟ ಹೊಡೆದು ಓದಿ ಹೇಳಿದರು. ಆಗ ಭಾವ ಜೇಬಿನಿಂದ ಮೂರನೆಯದೊಂದು ಹಾಳೆ ತೆಗೆದರು. ಮೇಲೆಲ್ಲ ಬಿಳಿ, ಕೆಳಗೆ ಸಾಕ್ಷಿಗಳ ಸಹಿ ಆಗಲೇ ಬಿದ್ದಿತ್ತು.

"ಇಲ್ಲೊಂದು ಸಹಿ ಹಾಕಮ್ಮ. ಆಮ್ಯಾಲೆ ಕರಾರಿಗೆ ಸೇರಿಸ್ತೀನಿ," ಅಂದರು.

ಹಿರಿಯರು ಹೇಳಿದ ಮೇಲೆ ಮುಗಿಯಿತು ಎಂದು ಬೆಳೆದವಳು ನಾನು. ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು. ಮೇಡಂ ನನ್ನ ಮಣಿಕಟ್ಟು ಹಿಡಿದರು.

"ಮುಚ್ಚಳ ಹಾಕ್ರಿ," ಅಂದರು. ಭಾವನ ಕಡೆ ತಿರುಗಿದರು. "ಮ್ಯಾಲೆ ಇಷ್ಟು ಜಾಗ ಖಾಲಿ ಬಿಟ್ಟು ಸಹಿ ಹಾಕ್ಸಿದ್ರೆ ನಾಳೆ ಅಲ್ಲಿ ಏನು ಬೇಕಾದ್ರೂ ಬರ್ಕಾಬೌದು. ಮನೆ ಬಿಟ್ಕೊಟ್ಟೆ ಅಂತಾನೂ ಬರ್ಕಾಬೌದು. ನನ್ನ ಮೇಜಿನ ಮ್ಯಾಲೆ ಆ ಕೆಲ್ಸ ಆಗಾಕಿಲ್ಲ."

"ನೀನು ಕುಂತಿರೋ ಜಾಗ ಯಾರ್ದು, ನೆನಪೈತಾ?" ಅಂದರು ಭಾವ. ಗೋದಾಮೂ ಮಹಡಿಯೂ ಅವರದೇ.

"ಜಾಗ ನಿಮ್ದು. ಮಷೀನು ನಂದು."

ಹಾಗೆಂದವರೇ ಕೆಂಪು ಪೆನ್ಸಿಲ್ ತೆಗೆದು ಆ ಬಿಳಿ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಗೀಟೆಳೆದು ನನ್ನ ಕೈಗಿಟ್ಟರು. ಎರಡನೇ ಪುಟ ಹರಿದು ಮತ್ತೆ ಹೊಡೆದು, ಕೊನೆಯ ಎರಡು ಸಾಲನ್ನು ಹೊಸದೊಂದು ಹಾಳೆಗೆ ಇಳಿಸಿ, ಅದರ ಕೆಳಗೇ ಸಹಿಗೆ ಜಾಗ ಮಾಡಿಕೊಟ್ಟರು. ಭಾವ ಅದನ್ನು ಮುಟ್ಟದೆ ಎದ್ದು ಹೋದರು. ಕರಾರು ಆಗಲಿಲ್ಲ. ಹಳೆಯ ಪಾಲುಪತ್ರ ಇದ್ದ ಹಾಗೇ ಉಳಿಯಿತು, ಮನೆಯೂ ಉಳಿಯಿತು.

ಉಳಿಯದೇ ಹೋದದ್ದು ಮೇಡಂ ಅವರ ಮಹಡಿ. ವಾರದೊಳಗೆ ಖಾಲಿ ಮಾಡಿ ಎಂದು ಭಾವ ಹೇಳಿಕಳಿಸಿದರು. ಮೂರು ಮಷೀನು, ಎರಡು ಬೆಂಚು ತಳ್ಳುಗಾಡಿಗೆ ಹೇರಿ ಹಗಲು ಹೊತ್ತಿನಲ್ಲೇ, ಗೋದಾಮಿನ ಬಾಗಿಲ ಮುಂದೇ ಹಾದು ಬೇರೊಂದು ಬಾಡಿಗೆ ಕೋಣೆಗೆ ಹೋದೆವು. ಹಿಂದಿನಿಂದ ತಳ್ಳುತ್ತಿದ್ದವಳು ನಾನು. ನನ್ನಿಂದ ಹೀಗಾಯಿತಲ್ಲ ಎಂದು ಕಣ್ಣೀರು ಹಾಕಿದ್ದಕ್ಕೆ ಬೈದರು: "ನಿಮ್ಮಿಂದ ಅಲ್ಲ ಕಣ್ರೀ, ಬಿಳಿ ಹಾಳೆಯಿಂದ. ಅಳಾದು ಬಿಟ್ಟು ಗಾಡಿ ತಳ್ರಿ." ಮುಂದೆ ನಾನು ಟೈಪಿಂಗ್ ಕಲಿತದ್ದು ಅವರ ಆ ಹೊಸ ಕೋಣೆಯಲ್ಲೇ, ಅದೇ ನನಗೆ ಅನ್ನವಾಯಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನಿದ್ದ ಕಚೇರಿಗೆ ಕಂಪ್ಯೂಟರ್ ಬಂತು. ಆಗ ಅದರಲ್ಲಿ ಇಂಗ್ಲಿಷ್ ಮಾತ್ರ. ನಾವು ಟೈಪಿಸ್ಟರು ಹಳೇ ಚಾಳಿಯವರು. ರೋಲರ್ ತಿರುಗಿಸಿದ ಹಾಗೆ ಎಂಟರ್ ಕೀಲಿ ಒತ್ತಿ ಒತ್ತಿ ಪುಟ ಮುಗಿಸುತ್ತಿದ್ದೆವು. ಆಮೇಲೆ ಮೇಲೆಲ್ಲೋ ಒಂದು ಸಾಲು ಸೇರಿಸಿದರೆ ಸಾಕು, ಎಲ್ಲ ಜಾರಿ ಸಹಿಯ ಜಾಗ ಒಂಟಿಯಾಗಿ ಹೊಸ ಪುಟಕ್ಕೆ ಬೀಳುವುದು. ಅದರ ಹಿಂದೆ ಒಂದು ಖಾಲಿ ಪುಟ ಬೇರೆ. ಕಲಿಸಲು ಬಂದಿದ್ದವನು, "ಸಾಲು ತುಂಬಿದ್ಮ್ಯಾಲೆ ಪುಟ ತಂತಾನೇ ಮುರ್ಕಂತೈತೆ, ಏನೂ ಮಾಡಾಕಾಗಲ್ಲ" ಅಂದ. ಅದನ್ನು ಮೇಡಂಗೆ ಹೇಳಿ ಕೆಟ್ಟೆ.

"ತಂತಾನೇ ಮುರಿಯಾಕೆ ಅದೇನು ಹಪ್ಪಳನಾ?" ಮರುದಿನ ಬೆಳಗ್ಗೆಯೇ ಭೂತಗನ್ನಡಿ ಹಿಡಿದು ಕಚೇರಿಗೆ ಬಂದರು. ಕಣ್ಣಿಗೆ ಪೊರೆ ಬಂದಿತ್ತು. "ಸಹಿ ಹಾಕೋರು ಮನುಷ್ಯರು. ಹಾಳೆ ಎಲ್ಲಿ ಮುರೀಬೇಕಂತ ಮನುಷ್ಯರೇ ಹೇಳ್ಬೇಕು. ಅದರ ಪುಸ್ತಕ ಕೊಡ್ರಿ."

ಎರಡು ದಿನ ಓದಿದರು. ಮೂರನೇ ದಿನ ಸಿಕ್ಕಿತು. ಸಾಲಿನ ಮೊದಲಿಗೆ ಒಂದು ಚುಕ್ಕೆ, ಪಕ್ಕದಲ್ಲಿ ಎರಡು ಅಕ್ಷರ, ಒಂದು ಅಂಕಿ. ಪುಟದಲ್ಲಿ ಅಷ್ಟು ಸಾಲಿನ ಜಾಗ ಉಳಿದಿಲ್ಲದಿದ್ದರೆ ಮುಂದಿನದನ್ನೆಲ್ಲ ಒಟ್ಟಿಗೆ ಹೊಸ ಪುಟಕ್ಕೆ ಒಯ್ಯಿ ಎಂಬ ಆಜ್ಞೆ ಅದು. ಎಂಟರ್ ಒತ್ತಿ ಮಾಡಿದ್ದ ಖಾಲಿ ಸಾಲುಗಳನ್ನೆಲ್ಲ ಅಳಿಸಿದೆವು. ಕರಾರಿನ ಕೊನೆಯ ಎರಡು ಸಾಲಿನ ಮುಂಚೆ ಆ ಆಜ್ಞೆ ಕೂರಿಸಿದೆವು. ಪ್ರಿಂಟರು ಕಿರುಚಿಕೊಂಡು ಹಾಳೆ ಹೊರಹಾಕಿತು. ಸಹಿಯ ಮೇಲೆ ಎರಡು ಸಾಲು. ಹಿಂದೆ ಖಾಲಿ ಪುಟವಿಲ್ಲ.

"ನೋಡ್ರಿ, ಇದಕ್ಕೂ ಒಂದು ಚುಕ್ಕೇನೇ ಬೇಕಾತು," ಅಂದು ಸೆರಗು ಕೊಡವಿ ಎದ್ದರು.

ಮರುವರ್ಷ ಅವರು ತೀರಿಕೊಂಡರು. ಮಣ್ಣಿಗೆ ಭಾವನೂ ಬಂದಿದ್ದರು. "ನಮ್ಮ ಮನೆ ಒಡೆದ ಹೆಂಗಸು, ಆದ್ರೂ ಬಂದೆ," ಅಂದರು. ಹದಿನೈದು ವರ್ಷ ಅವರೆದುರು ತಲೆ ಎತ್ತದಿದ್ದವಳು ನಾನು ಅಂದು ಎತ್ತಿದೆ. "ಒಡೆದೋರಲ್ಲ ಭಾವ, ಉಳಿಸಿದೋರು. ಆ ಮನೆಗೆ ಬೀಗ ಹಾಕ್ಕೊಂಡೇ ಬಂದೀನಿ. ಕೀಲಿ ತೋರ್ಸಲಾ?" ಅವರು ಆಚೆ ಹೋಗಿ ನಿಂತರು.

ಕೆಂಪು ಗೀಟಿನ ಆ ಬಿಳಿ ಹಾಳೆ ನನ್ನ ಮನೆಯ ಪತ್ರಗಳ ಜೊತೆಗೇ ಇದೆ. ಈಗಲೂ ಯಾರಾದರೂ ಇಲ್ಲೊಂದು ಸಹಿ ಹಾಕಿ ಎಂದರೆ ಮೊದಲು ಮೇಲೆ ನೋಡುತ್ತೇನೆ. ಖಾಲಿಯಿದ್ದರೆ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ.