ಮುಟ್ಟಿದ ಕೂಡಲೇ ಫೋನ್ ಮಾಡಿ

ರೀಚ್ ಎಂಬ ಇಂಗ್ಲಿಷ್ ಕ್ರಿಯಾಪದದ ಜೊತೆ ನನ್ನದು ಹಳೆಯ ಜಗಳ. ಮನೆ ತಲ್ಲೂರಿನಲ್ಲಿ, ಕೆಲಸ ಕುಂದಾಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು. ಮಕ್ಕಳು 'ಐ ರೀಚ್ಡ್' ಎಂದು ಬರೆದು ಪೂರ್ಣವಿರಾಮ ಇಟ್ಟರೆ ಸಾಕು, ನನ್ನ ಕೆಂಪು ಶಾಯಿ ಪಕ್ಕದಲ್ಲಿ 'ಎಲ್ಲಿಗೆ?' ಎಂದು ಕೇಳುತ್ತಿತ್ತು. ಈ ಕ್ರಿಯಾಪದ ಸಕರ್ಮಕ, ಕರ್ಮವಿಲ್ಲದೆ ನಿಲ್ಲುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ತಲೆಯಾಡಿಸಿ, ಮುಂದಿನ ಪರೀಕ್ಷೆಯಲ್ಲೂ ಕರ್ಮವಿಲ್ಲದೆಯೇ ತಲುಪುತ್ತಿದ್ದರು.

ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಡೆ ಯಾರು ಬಸ್ಸು ಹತ್ತಿದರೂ, ಬೈಂದೂರಿಗಾಗಲಿ ಬೊಂಬಾಯಿಗಾಗಲಿ, ಕಿಟಕಿಯ ಹೊರಗಿನಿಂದ ಒಂದು ಮಾತು ಕೇಳಿಯೇ ಕೇಳುತ್ತದೆ: "ಮುಟ್ಟಿದ್ ಕೂಡ್ಲೆ ಫೋನ್ ಮಾಡ್." ಮುಟ್ಟುವುದೆಂದರೆ ನಮಗೆ ತಲುಪುವುದು. ಎಲ್ಲಿಗೆ ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅದನ್ನು ಮತ್ತೆ ಬಾಯಿಬಿಟ್ಟು ಹೇಳಲು ನಾವೇನು ವ್ಯಾಕರಣದ ಪುಸ್ತಕವೇ?

ನಮ್ಮೂರಿಗೆ ಮೊಬೈಲು ಬಂದ ಹೊಸತು. ನೆರೆಮನೆಯ ಗಿರಿಜಾ ಮೀನು ವ್ಯಾಪಾರದವಳು. ಅವಳ ಗಂಡ ರಾಘವ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಅವರ ಮನೆಯಲ್ಲಿ ಫೋನಿರಲಿಲ್ಲವಾದ್ದರಿಂದ ಹಡಗು ಬಂದರು ಸೇರಿದಾಗಲೆಲ್ಲ ಅವನ ಸುದ್ದಿ ನನ್ನ ಮೊಬೈಲಿಗೆ ಬರುತ್ತಿತ್ತು. ಆ ಮಳೆಗಾಲ ಸುದ್ದಿ ಬರಬೇಕಾದ ದಿನ ಕಳೆದು ವಾರವಾಯಿತು. ಅವನ ಹಡಗು ಹೋಗುವ ಕಡೆ ಬಿರುಗಾಳಿ ಎಂದು ಟೀವಿಯಲ್ಲಿ ಹೇಳಿದರು. ಗಿರಿಜಾ ಮೀನಿನ ಬುಟ್ಟಿ ಇಳಿಸುವ ನೆಪದಲ್ಲಿ ದಿನವೂ ನಮ್ಮ ಜಗಲಿಗೆ ಬರುವಳು, ಏನೂ ಕೇಳದೆ ನನ್ನ ಫೋನಿನತ್ತ ಒಮ್ಮೆ ನೋಡಿ ಹೋಗುವಳು. ಬಾಯಿಬಿಟ್ಟು ಕೇಳಿದ್ದರೆ ವಾಸಿಯಿತ್ತು ಎಂದು ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಗುರುತಿಲ್ಲದ ಪರದೇಶದ ನಂಬರಿನಿಂದ, ಇಂಗ್ಲಿಷ್ ಅಕ್ಷರಗಳಲ್ಲಿ, ಮೂರೇ ಪದದ ಸಂದೇಶ ಬಂತು: 'ರಾಘವ ಸುದಾಹ್ ಸಂಪಾಯ್'. ಕಾಗುಣಿತ ತಿದ್ದಿಯೇ ಹೊಟ್ಟೆ ಹೊರೆಯುವ ನನಗೆ ಮೊದಲು ಕಂಡದ್ದು ತಪ್ಪು. 'ಸಡನ್' ಎಂದು ಬರೆಯಹೋಗಿ ಯಾರೋ ಸುದಾಹ್ ಮಾಡಿದ್ದಾರೆ ಎಂದುಕೊಂಡೆ. ರಾಘವ, ಇದ್ದಕ್ಕಿದ್ದಂತೆ, ಏನು?

"ಎಂತ ಬಂದಿತ್ ಮಾಷ್ಟ್ರೇ?" ಬುಟ್ಟಿ ಹಿಡಿದು ನಿಂತಿದ್ದ ಗಿರಿಜಾ ಕೇಳಿದಳು. ಬಂದದ್ದನ್ನು ಬಂದ ಹಾಗೆ ಓದಿದೆ, ಸಡನ್ ವಿಚಾರ ನುಂಗಿಕೊಂಡೆ.

"ಸಂಪಾಯ್ ಅಂದ್ರೆ ಎಂತ? ಹಡ್ಗಂಗೆ ಸಂಪ್ ಇರತ್ತಾ? ಅದ್ರೊಳ್ಗೆ ಬಿದ್ರಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಇಬ್ಬರೂ ಬಸ್ಸು ಹತ್ತಿ ಕುಂದಾಪುರದ ಸೈಬರ್ ಕೆಫೆಗೆ ಹೋದೆವು. ಸಂಪಾಯ್ ಪದವನ್ನು ಹುಡುಕಲು ಕೊಟ್ಟಾಗ ತೆರೆದುಕೊಂಡದ್ದು ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ, ಬಳಕೆ, ಪಕ್ಕದಲ್ಲೇ ಇಂಡೋನೇಷ್ಯಾದ ಭಾಷೆಯ ಅನುವಾದ ಇದ್ದ ಪುಟ. ಯಾವ ಕ್ರಿಯಾಪದ ಅಂತೀರಿ? ನನ್ನ ಹಳೆಯ ಜಗಳಗಂಟನೇ. ರೀಚ್ ಎಂದರೆ ಸಂಪಾಯ್. ಸುದಾಹ್ ಎಂಬುದನ್ನೂ ಹುಡುಕಿದೆ: ಆಗಲೇ ಆಗಿದೆ ಎಂದರ್ಥ.

"ರಾಘವ ಮುಟ್ಟಿದ, ಗಿರಿಜಾ" ಎಂದೆ.

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಮೇಷ್ಟರ ನಾಲಿಗೆ ಆಗಲೂ ಸುಮ್ಮನಿರಲಿಲ್ಲ. "ಎಲ್ಲಿಗೆ ಅಂದೇಳಿ ಬರಿಲಿಲ್ಲೆ" ಎಂದೆ.

"ಎಲ್ಲಿಗಾರೂ ಆಯ್ಲಿ ಮಾಷ್ಟ್ರೇ. ಮುಟ್ಟಿರ್ ಅಲ್ದಾ."

ಬಿರುಗಾಳಿಗೆ ಹಡಗು ದಾರಿ ಬದಲಿಸಿತ್ತು, ಇಂಡೋನೇಷ್ಯಾದ ಒಬ್ಬ ಜೊತೆಗಾರ ತನ್ನ ಊರಿನ ಬಂದರು ಮುಟ್ಟಿದ ಖುಷಿಯಲ್ಲಿ ರಾಘವ ಕೊಟ್ಟ ನನ್ನ ನಂಬರಿಗೆ ತನ್ನ ಮಾತಿನಲ್ಲೇ ಸಂದೇಶ ಒತ್ತಿದ್ದ ಎಂಬುದೆಲ್ಲ ಮರುದಿನ ರಾಘವನೇ ಫೋನ್ ಮಾಡಿದಾಗ ತಿಳಿಯಿತು. ಆದರೆ ಅವತ್ತು ಆ ಪರದೆಯ ಮುಂದಿನಿಂದ ಏಳಲು ನನಗೆ ಮನಸ್ಸಾಗಲಿಲ್ಲ. ಪುಟದ ಕೆಳಗೆ ಇನ್ನೊಂದು ಸಾಲಿತ್ತು: ಸಂಪಾಯ್ ಎಂದರೆ 'ತನಕ' ಎಂದೂ ಅರ್ಥ. ಬಾರ್ಕೂರಿನ ನನ್ನ ಅಮ್ಮ ನೆನಪಾದಳು. ಅವಳದು ತುಳು ಬೆರೆತ ಕನ್ನಡ. ಬಂದ ನೆಂಟರನ್ನು ಕಳಿಸಿಕೊಡುವಾಗ "ಹೊಳಿ ಮುಟ್ಟ ಬತ್ತೆ" ಎನ್ನುತ್ತಿದ್ದಳು. ಹೊಳೆಯ ತನಕ ಬರುತ್ತೇನೆ ಎಂದು. ಅವಳಿಗೂ ತಲುಪುವುದು ಮುಟ್ಟುವುದೇ, ತನಕ ಎಂಬುದೂ ಮುಟ್ಟವೇ.

ಇಂಡೋನೇಷ್ಯಾದವರು ಭಾಷೆಗೆ ಬಹಾಸ ಎನ್ನುತ್ತಾರೆ, ಗಂಡನಿಗೆ ಸುವಾಮಿ ಎನ್ನುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ಸಂಸ್ಕೃತದ ಮಾತುಗಳನ್ನು ಯಾರೋ ಹಿಂದೆ ಹಡಗಿನಲ್ಲಿ ಒಯ್ದಿದ್ದಾರೆ. ಆದರೆ ಇದನ್ನು ಯಾರೂ ಒಯ್ದದ್ದಲ್ಲ. ಸಂಪಾಯ್, ಮುಟ್ಟ ಎಂಬ ಈ ಎರಡು ಪದಗಳಿಗೆ ಒಂದಕ್ಕೊಂದು ಏನೂ ಸಂಬಂಧವಿಲ್ಲ. ಕಡಲಿನ ಆಚೆ ದಡದಲ್ಲಿ ಒಬ್ಬಳು, ಈಚೆ ದಡದಲ್ಲಿ ಒಬ್ಬಳು ಕಾದು ಕೂತಿದ್ದಾರೆ. ಕಾಯುವ ಕಾಲಕ್ಕೂ ಕಾಯುವುದು ಮುಗಿಯುವ ಗಳಿಗೆಗೂ ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಒಂದೇ ಪದ ಸಾಕು ಎಂದುಕೊಂಡಿದ್ದಾರೆ. ಇಂಗ್ಲಿಷಿನ ರೀಚ್‌ಗೆ ಮೂಲದಲ್ಲಿ ಕೈ ಚಾಚುವುದು ಎಂಬ ಅರ್ಥವಂತೆ. ಚಾಚುವುದು ಅವರದು, ಮುಟ್ಟುವುದು ನಮ್ಮದು. ನಡುವೆ ಇಷ್ಟು ವರ್ಷ ಕೆಂಪು ಪೆನ್ನು ಹಿಡಿದು ನಿಂತವನು ನಾನು.

ಬಸ್ ಸ್ಟ್ಯಾಂಡಿಗೆ ಬಂದಾಗ ಗಿರಿಜಾ ಹೇಳಿದಳು, "ಸುದ್ದಿ ಇಲ್ಲಿಗ್ ಮುಟ್ತ್ ಅಂದೇಳಿ ಕಳ್ಸಿದ್ ಜನಕ್ಕೂ ಹೇಳಿ ಮಾಷ್ಟ್ರೇ. ಪಾಪ, ಅವ್ರಿಗೂ ಗೊತ್ತಾಯ್ಲಿ."

ಸರಿಯೆಂದು ಕಂಡಿತು. ಆ ಭಾಷೆಯಲ್ಲಿ ನನಗೆ ಬರುತ್ತಿದ್ದುದನ್ನೇ ಒತ್ತಿದೆ: 'ಸಂಪಾಯ್'. ಕರ್ತೃವಿಲ್ಲ, ಕರ್ಮವಿಲ್ಲ, ಪೂರ್ಣವಿರಾಮವೂ ಇಲ್ಲ. ಬಸ್ಸು ತಲ್ಲೂರು ಮುಟ್ಟುವ ಮೊದಲೇ ಉತ್ತರ ಬಂತು. ಎರಡು ಚುಕ್ಕಿ, ಪಕ್ಕದಲ್ಲೊಂದು ಕಂಸ: ಒಂದು ನಗುಮುಖ. ಎಲ್ಲಿಗೆ ಎಂದು ಅವನೂ ಕೇಳಲಿಲ್ಲ.